ಕೂಪರ್ಸ್‌ಟೌನ್‌ನ ಬಾಗಿಲು ಯಾರಿಗೆ ತೆರೆಯಬೇಕು?

ಪ್ರಶ್ನೆ: ಡೆಟ್ರಾಯಿಟ್ ಟೈಗರ್ಸ್‌ನ ಅಲನ್ ಟ್ರಾಮೆಲ್ ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ, ಅಂದರೆ ಶ್ರೇಷ್ಠ ಆಟಗಾರರ ಗೌರವ ಭವನದಲ್ಲಿ. ಅವರ ಜೊತೆಗಾರ ಲೂ ವಿಟೇಕರ್ ಯಾಕಿಲ್ಲ? ಇಬ್ಬರ ಆಟದಲ್ಲಿ ಅಷ್ಟು ಅಂತರವಿತ್ತೇ?
– ಮಿಶಿಗನ್‌ನ ಓದುಗರು

ಉತ್ತರ: ಅಂತರವಿದ್ದರೆ ಅದು ವಿಟೇಕರ್ ಪರವಾಗಿಯೇ ಇದೆ. 1977ರ ಸೆಪ್ಟೆಂಬರ್ 9ರಂದು ಇಬ್ಬರೂ ಒಂದೇ ಪಂದ್ಯದಲ್ಲಿ ಮೊದಲ ಬಾರಿ ಕಣಕ್ಕಿಳಿದರು. ಫೀಲ್ಡಿಂಗ್‌ನಲ್ಲಿ ಟ್ರಾಮೆಲ್ ಸ್ಥಾನ ಶಾರ್ಟ್‌ಸ್ಟಾಪ್, ವಿಟೇಕರ್ ಅವರದು ಸೆಕೆಂಡ್ ಬೇಸ್. ನಿವೃತ್ತಿಯ ಹೊತ್ತಿಗೆ ಟ್ರಾಮೆಲ್ ಹಿಟ್‌ಗಳು (ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪಿದ್ದು) 2,365, ವಿಟೇಕರ್ ಹಿಟ್‌ಗಳು 2,369. ಹೋಮ್ ರನ್ 185ಕ್ಕೆ 244.

ವಿಟೇಕರ್ ಸೋತದ್ದು ಬ್ಯಾಟಿಂಗ್ ಸರಾಸರಿಯ, ಅಂದರೆ ಬ್ಯಾಟ್ ಮಾಡಿದ ಸಲಗಳಲ್ಲಿ ಹಿಟ್ ಆದ ಪ್ರಮಾಣದ ಕಾಲಂನಲ್ಲಿ. ಟ್ರಾಮೆಲ್ 0.285, ವಿಟೇಕರ್ 0.276. ಆದರೆ ಈ ಲೆಕ್ಕಕ್ಕೆ ವಾಕ್ ಸೇರುವುದೇ ಇಲ್ಲ. ಪಿಚರ್ (ಚೆಂಡು ಎಸೆಯುವವ) ನಾಲ್ಕು ಚೆಂಡನ್ನು ಹೊಡೆಯಲು ಸಿಗಬೇಕಾದ ವಲಯದಿಂದ ಹೊರಗೆ ಎಸೆದು, ಬ್ಯಾಟರ್ ಅವಕ್ಕೆ ಬ್ಯಾಟ್ ಬೀಸದಿದ್ದರೆ ಫಸ್ಟ್ ಬೇಸ್ ದಕ್ಕುತ್ತದೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ವೈಡ್‌ನಂಥ ಪುಕ್ಕಟೆ ಲಾಭವಾಗಿ ಕಾಣಬಹುದು. ಆದರೆ ಯಾವ ಚೆಂಡನ್ನು ಬಿಡಬೇಕೆಂದು ಕಣ್ರೆಪ್ಪೆ ಬಡಿಯುವಷ್ಟರಲ್ಲಿ ತೀರ್ಮಾನಿಸುವುದು ದೊಡ್ಡ ವಿದ್ಯೆ. ವಿಟೇಕರ್ 1,197 ವಾಕ್ ಗಳಿಸಿದರು. ವಾಕ್ ಸೇರಿಸಿ ಬೇಸ್ ತಲುಪಿದ ಪ್ರಮಾಣ ನೋಡಿದರೆ ಅವರದು 0.363, ಟ್ರಾಮೆಲ್ ಅವರದು 0.352.

ಹಾಲ್ ಆಫ್ ಫೇಮ್‌ಗೆ ಮತ ಹಾಕುವವರು ಬೇಸ್‌ಬಾಲ್ ಬರಹಗಾರರು. 2001ರ ಮತಪತ್ರಗಳು ಹೊರಟಾಗ ಅವರಲ್ಲಿ ಹೆಚ್ಚಿನವರು ಈ ಕಾಲಂ ನೋಡುತ್ತಿರಲಿಲ್ಲ. 515 ಮತದಾರರಲ್ಲಿ ವಿಟೇಕರ್ ಹೆಸರಿಗೆ ಗುರುತು ಹಾಕಿದವರು 15 ಮಂದಿ, ಅಂದರೆ 2.9%. ಆಯ್ಕೆಗೆ 75% ಬೇಕು. 5% ಮುಟ್ಟದವರು ಪಟ್ಟಿಯಿಂದಲೇ ಹೊರಗೆ. ಮರುವರ್ಷ 15.7% ಪಡೆದ ಟ್ರಾಮೆಲ್ ಪಟ್ಟಿಯಲ್ಲೇ ಉಳಿದರು, ಚರ್ಚೆಯಲ್ಲೂ ಉಳಿದರು. ಕೊನೆಗೆ 2017ರ ಡಿಸೆಂಬರ್‌ನಲ್ಲಿ, ಬರಹಗಾರರು ಆರಿಸದೆ ಬಿಟ್ಟವರನ್ನು ಪರಿಗಣಿಸುವ 16 ಜನರ ಸಮಿತಿ ಅವರನ್ನು ಆರಿಸಿತು. ಎರಡು ವರ್ಷದ ಬಳಿಕ ವಿಟೇಕರ್‌ಗೆ ಅಂಥದೇ ಸಮಿತಿಯಲ್ಲಿ ಸಿಕ್ಕಿದ್ದು ಆರು ಮತ, ಬೇಕಿದ್ದದ್ದು ಹನ್ನೆರಡು. ಮೊದಲ ವರ್ಷವೇ ಯಾರನ್ನೂ ಉದುರಿಸಬಾರದು, ಕನಿಷ್ಠ ಮೂರು ವರ್ಷ ಕಾಯಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. 622 ಬೇಸ್ ಕದ್ದ (ಹಿಟ್ ಇಲ್ಲದೆಯೇ ಓಡಿ ಮುಂದಿನ ಬೇಸ್ ಹಿಡಿದ) ಕೆನಿ ಲಾಫ್ಟನ್ ಕೂಡ 2013ರಲ್ಲಿ 3.2%ಗೆ ಹೀಗೇ ಉದುರಿದರು. ಒಬ್ಬ ಮತದಾರ ಹತ್ತಕ್ಕಿಂತ ಹೆಚ್ಚು ಹೆಸರು ಗುರುತಿಸುವಂತಿಲ್ಲ, ಆ ವರ್ಷವಂತೂ ಪಟ್ಟಿ ತುಂಬಿ ತುಳುಕುತ್ತಿತ್ತು.

ಪ್ರಶ್ನೆ: ಬೇರೆ ಬೇರೆ ಕಾಲದ, ಬೇರೆ ಮೈದಾನಗಳ ಆಟಗಾರರನ್ನು ಮನೆಯಲ್ಲೇ ಕೂತು ತೂಗುವುದು ಹೇಗೆ?

ಉತ್ತರ: ಮೊದಲು ಬ್ಯಾಟಿಂಗ್ ಬಲ ಅಳೆಯುವ ಒಪಿಎಸ್ ಪ್ಲಸ್ ನೋಡಿ. ಆ ಕಾಲದ ಸರಾಸರಿ ಬ್ಯಾಟರ್ 100 ಎಂದಿಟ್ಟು, ಮೈದಾನದ ಅನುಕೂಲವನ್ನೂ ಕಳೆದು ಬರುವ ಅಂಕಿ ಇದು. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು ಒಂದು ಮೈಲಿ ಎತ್ತರದಲ್ಲಿದೆ. ತೆಳುಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ಪಿಚರ್‌ನ ತಿರುವೂ ಕಡಿಮೆಯಾಗುತ್ತದೆ. ಅಲ್ಲಿ ಆಡಿದ ಲ್ಯಾರಿ ವಾಕರ್ ಬಗ್ಗೆ ಅನುಮಾನ ಎದ್ದದ್ದು ಇದಕ್ಕೇ. ಆ ಲಾಭ ಕಳೆದ ಮೇಲೂ ಅವರದು 141. ಮತಪಟ್ಟಿಯಲ್ಲಿ ಹತ್ತನೆಯ, ಕೊನೆಯ ವರ್ಷವಾದ 2020ರಲ್ಲಿ 76.6% ಮತ ಪಡೆದು ಒಳಬಂದರು.

ಆಮೇಲೆ ವಾರ್: ಸುಲಭವಾಗಿ ಸಿಗುವ ಬದಲಿ ಆಟಗಾರನಿಗಿಂತ ಈತ ತಂಡಕ್ಕೆ ಎಷ್ಟು ಹೆಚ್ಚು ಗೆಲುವು ತಂದ ಎಂಬ ಅಂದಾಜು. ಇಡೀ ವೃತ್ತಿಜೀವನದ ವಾರ್‌ಗೆ ಅತ್ಯುತ್ತಮ ಏಳು ವರ್ಷಗಳ ವಾರ್ ಕೂಡಿಸಿ ಎರಡರಿಂದ ಭಾಗಿಸಿ. ಬಂದದ್ದನ್ನು ಅದೇ ಸ್ಥಾನದಲ್ಲಿ ಆಡಿದವರೊಂದಿಗೇ ಹೋಲಿಸಿ. ಕ್ಯಾಚರ್‌ನನ್ನು ಫಸ್ಟ್ ಬೇಸ್‌ಮನ್ ಜೊತೆ ತೂಗಿದರೆ ಲೆಕ್ಕ ಕೆಡುತ್ತದೆ. ಹಳೆಯ ಕಾಲದ ಫೀಲ್ಡಿಂಗ್ ಅಂಕಿಗಳು ಒರಟು ಅಂದಾಜು, ಆದ್ದರಿಂದ ಎರಡು ಮೂರು ವಾರ್‌ನ ವ್ಯತ್ಯಾಸಕ್ಕೆ ಜಗಳ ಬೇಡ.

ಪ್ರಶ್ನೆ: 4,256 ಹಿಟ್‌ಗಳ ಪೀಟ್ ರೋಸ್‌ಗೆ ಇನ್ನು ಅವಕಾಶವಿದೆಯೇ?

ಉತ್ತರ: ಇದೆ. ಬೆಟ್ಟಿಂಗ್ ಕಾರಣಕ್ಕೆ 1989ರಲ್ಲಿ ಬಿದ್ದ ನಿಷೇಧ, ಅವರು ತೀರಿಕೊಂಡ ಮರುವರ್ಷ, 2025ರ ಮೇನಲ್ಲಿ ತೆರವಾಯಿತು. ಹಳೆಯ ಕಾಲದವರನ್ನು ಪರಿಗಣಿಸುವ ಸಮಿತಿ 2027ರ ಡಿಸೆಂಬರ್‌ನಲ್ಲಿ ಸೇರಲಿದೆ. ಅಲ್ಲೂ 16ರಲ್ಲಿ 12 ಮತ ಬೇಕು. ಹಿಟ್‌ಗಳ ಬಗ್ಗೆ ತಕರಾರಿಲ್ಲ. ಆದರೆ ತಾನೇ ಮ್ಯಾನೇಜರ್ ಆಗಿದ್ದ ತಂಡದ ಪಂದ್ಯಗಳ ಮೇಲೆ ಪಣ ಕಟ್ಟಿದವರಿಗೆ ನಾವಾದರೆ ಮತ ಹಾಕುವುದಿಲ್ಲ.