ಮೊದಲು ಚುಕ್ಕಿ, ಆಮೇಲೆ ಗೆರೆ

ಈ ಸಲದ 'ಓದುಗರು ಕೇಳಿದ್ದು' ಅಂಕಣದಲ್ಲಿ ಇಪ್ಪತ್ತಾರು ವರ್ಷಗಳಿಂದ ಕನ್ನಡ ಪುಸ್ತಕಗಳ ಪುಟ ವಿನ್ಯಾಸ ಮಾಡುತ್ತಿರುವ ವಿನ್ಯಾಸಕಿಯೊಬ್ಬರು ಉತ್ತರ ಕೊಟ್ಟಿದ್ದಾರೆ.

ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದನ್ನು ಕಲಿಯುತ್ತಿದ್ದೇನೆ. ಎಲ್ಲರೂ 'ಮೊದಲು ಗ್ರಿಡ್ ಹಾಕು', ಅಂದರೆ ಪುಟದಲ್ಲಿ ಯಾವುದು ಎಲ್ಲಿ ಕೂರಬೇಕು ಅಂತ ಗೆರೆಗಳ ಚೌಕಟ್ಟು ಹಾಕು ಅಂತಾರೆ. ಖಾಲಿ ಪುಟದ ಮೇಲೆ ಮೊದಲೇ ಗೆರೆ ಎಳೆದರೆ ಕೈ ಕಟ್ಟಿಹಾಕಿದ ಹಾಗಲ್ವಾ?
– ವಿದ್ಯಾರ್ಥಿನಿ, ಮೈಸೂರು

ನಿಮ್ಮ ಮನೆಯಲ್ಲಿ ಯಾರಾದರೂ ಚುಕ್ಕಿ ರಂಗೋಲಿ ಹಾಕುತ್ತಾರಾ? ಒಂದು ದಿನ ಪಕ್ಕದಲ್ಲಿ ಕೂತು ನೋಡಿ. ನಮ್ಮಜ್ಜಿ ಸಾರಿಸಿದ ಅಂಗಳದಲ್ಲಿ ಮೊದಲು ಏಳು ಚುಕ್ಕಿ ಇಡುತ್ತಿದ್ದರು. ಅದರ ಮೇಲೂ ಕೆಳಗೂ ಸಂದಿಗೆ ಆರು, ಆಮೇಲೆ ಐದು, ನಾಲ್ಕು. ಚುಕ್ಕಿ ಇಡುವಾಗ ಯಾರೂ ಮಾತಾಡಿಸುವ ಹಾಗಿರಲಿಲ್ಲ. ಇಟ್ಟು ಮುಗಿದ ಮೇಲೆ ಹಾಲಿನವರ ಜತೆ ಲೆಕ್ಕ ಮಾತಾಡುತ್ತಾ, ನನ್ನನ್ನು ಸ್ನಾನಕ್ಕೆ ಓಡಿಸುತ್ತಾ ಗೆರೆ ಎಳೆಯುತ್ತಿದ್ದರು. ಅವೇ ಚುಕ್ಕಿಗಳಲ್ಲಿ ಇವತ್ತು ಕಮಲ, ನಾಳೆ ನಕ್ಷತ್ರ.

ಗ್ರಿಡ್ ಕೆಲಸವೂ ಅದೇ. ಮಾರ್ಜಿನ್ ಎಷ್ಟು, ಕಾಲಂ ಎಷ್ಟು, ಸಾಲಿನ ಅಂತರ ಎಷ್ಟು ಅಂತ ಒಂದು ಸಲ ಗಟ್ಟಿಯಾಗಿ ಕೂತು ತೀರ್ಮಾನ ಮಾಡುತ್ತೀರಿ. ಆಮೇಲೆ ಇನ್ನೂರು ಪುಟಕ್ಕೆ ಇನ್ನೂರು ಸಲ ಆ ಪ್ರಶ್ನೆ ಏಳುವುದಿಲ್ಲ. ಉಳಿದ ಹೊತ್ತಿನಲ್ಲಿ ಪುಸ್ತಕ ಓದಿ. ಓದದೆ ಪುಟ ಕಟ್ಟಬಾರದು ಅನ್ನುವುದು ನನ್ನ ಹಟ.

ಗ್ರಿಡ್ ಅನ್ನುವುದು ಹೊರಗಿನಿಂದ ಬಂದ ಪದ್ಧತಿ. ಕನ್ನಡ ಅಕ್ಷರಕ್ಕೆ ಅದು ಹೊಂದುತ್ತದೆಯೇ?
– ನಿವೃತ್ತ ಶಿಕ್ಷಕರು, ಹಾವೇರಿ

ಹೊಂದಿಸಬೇಕು ಸರ್. ಹೇಗಿದೆಯೋ ಹಾಗೇ ಎತ್ತಿಕೊಂಡು ಬಂದರೆ ಹೊಂದುವುದಿಲ್ಲ. ನಾನೇ ಆ ತಪ್ಪು ಮಾಡಿದ್ದೇನೆ.

ಈಗ ನಾವು ಗ್ರಿಡ್ ಅನ್ನುವುದನ್ನು ಶಿಸ್ತಾಗಿ ಬೆಳೆಸಿದವರಲ್ಲಿ ಸ್ವಿಟ್ಜರ್ಲೆಂಡಿನ ಯೋಸೆಫ್ ಮ್ಯುಲರ್-ಬ್ರೋಕ್‌ಮನ್ ದೊಡ್ಡ ಹೆಸರು. ಜ್ಯೂರಿಕ್‌ನ ಸಂಗೀತ ಕಛೇರಿಗಳಿಗೆ ಅವರು ಮಾಡಿದ ಪೋಸ್ಟರುಗಳನ್ನು ನೋಡುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. 1981ರಲ್ಲಿ ಗ್ರಿಡ್ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಆದರೆ ಅದರ ಲೆಕ್ಕವೆಲ್ಲ ರೋಮನ್ ಲಿಪಿಯದು. ಅಲ್ಲಿ ನಮ್ಮ ಹಾಗೆ ಅಕ್ಷರದ ಕೆಳಗೆ ಒತ್ತು ಬರುವುದಿಲ್ಲ.

ಶುರುವಿನ ದಿನಗಳಲ್ಲಿ ಒಂದು ಇಂಗ್ಲಿಷ್ ಪುಸ್ತಕದ ಗ್ರಿಡ್ ಅಳೆದು ಒಂದು ಕನ್ನಡ ಪುಸ್ತಕಕ್ಕೆ ಹಾಕಿಬಿಟ್ಟೆ. 11 ಪಾಯಿಂಟ್ ಅಕ್ಷರ, ಸಾಲಿನಿಂದ ಸಾಲಿಗೆ 13 ಪಾಯಿಂಟ್ (ಪಾಯಿಂಟ್ ಅನ್ನುವುದು ಅಚ್ಚಿನ ಅಳತೆ). ಪ್ರಿಂಟಾಗಿ ಬಂದ ಮೇಲೆ ಲೇಖಕರು ಭೂತಗನ್ನಡಿ ಹಿಡಿದು ಒಂದು ಜಾಗ ತೋರಿಸಿದರು. ಮೇಲಿನ ಸಾಲಿನಲ್ಲಿ 'ರಾಷ್ಟ್ರ'. ಟ ಒತ್ತು, ರ ಒತ್ತು ಎರಡೂ ಕೆಳಗಿಳಿದಿವೆ. ಅದರ ನೇರ ಕೆಳಗೆ 'ಹಿಂದೆ'. ರ ಒತ್ತಿನ ಬಾಲ 'ಹಿ'ಯ ಗುಡಿಸಿಗೆ ಅಂಟಿಕೊಂಡು ಎರಡೂ ಸೇರಿ ಯಾವುದೋ ಹೊಸ ಅಕ್ಷರದ ಹಾಗೆ ಕಾಣುತ್ತಿತ್ತು. ಅಂಥವು ಪುಟಕ್ಕೆ ನಾಲ್ಕೈದು. ಅವರು ಬೈಯಲಿಲ್ಲ. 'ಓದುವಾಗ ಇಲ್ಲಿ ಕಣ್ಣು ಎಡವುತ್ತದೆ ಕಣಮ್ಮ' ಅಂದರು. ಆ ಮಾತು ಇವತ್ತಿಗೂ ನೋಯಿಸುತ್ತದೆ.

ಅಲ್ಲಿಂದ ನಾನು ಲೆಕ್ಕವನ್ನು ಒತ್ತಕ್ಷರದಿಂದ ಶುರು ಮಾಡುತ್ತೇನೆ. ಮೊದಲು 'ರಾಷ್ಟ್ರ', 'ಸ್ತ್ರೀ', 'ಲಕ್ಷ್ಮಿ' ಟೈಪ್ ಮಾಡಿ, ಕೆಳಗೆ ಗುಡಿಸು ಇರುವ ಸಾಲು ಇಟ್ಟು, ಒಂದಕ್ಕೊಂದು ತಾಗುವುದು ನಿಲ್ಲುವವರೆಗೆ ಅಂತರ ಜಾಸ್ತಿ ಮಾಡುತ್ತಾ ಹೋಗುತ್ತೇನೆ. ನಾನು ಬಳಸುವ ಫಾಂಟಿಗೆ 11 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಸಾಲು ಸರಿಹೋಗುತ್ತದೆ. 17 ಪಾಯಿಂಟ್ ಅಂದರೆ ಹೆಚ್ಚುಕಡಿಮೆ 6 ಮಿಲಿಮೀಟರ್. ಎ5 ಪುಟದ ಎತ್ತರ 210 ಮಿಲಿಮೀಟರ್. ಭಾಗಿಸಿದರೆ ಸರಿಯಾಗಿ 35 ಸಾಲು! ಮೇಲೆ ಮೂರು, ಕೆಳಗೆ ಐದು ಸಾಲು ಬಿಟ್ಟರೆ ಬರಹಕ್ಕೆ 27 ಸಾಲು. ಚಿತ್ರದ ಎತ್ತರ, ಅಧ್ಯಾಯದ ಹೆಸರು ಇರುವ ಜಾಗ, ಪುಟ ಸಂಖ್ಯೆ ಎಲ್ಲ ಈ ಆರು ಮಿಲಿಮೀಟರಿನ ಮೇಲೇ ಕೂರುತ್ತವೆ. ಈ ಲೆಕ್ಕ ಕೂಡಿ ಬಂದ ರಾತ್ರಿ ನನಗೆ ಖುಷಿಗೆ ನಿದ್ದೆ ಬರಲಿಲ್ಲ.

ಇನ್ನೊಂದು ಮಾತು. ಜಾಗ ಮೊದಲೇ ಗುರುತು ಮಾಡಿಕೊಂಡು ಬರೆಯುವುದು ನಮಗೆ ಹೊಸದೇನಲ್ಲ. ತಾಳೆಗರಿಯಲ್ಲಿ ದಾರ ಪೋಣಿಸುವ ತೂತಿನ ಸುತ್ತ ಖಾಲಿ ಬಿಟ್ಟೇ ಬರೆಯುತ್ತಿದ್ದರು.

ಪತ್ರಿಕೆಯ ಕಿರಿದಾದ ಕಾಲಂಗಳಲ್ಲಿ ಪದಗಳ ನಡುವೆ ಅಷ್ಟೊಂದು ಖಾಲಿ ಯಾಕೆ?
– ಓದುಗರು, ಕುಂದಾಪುರ

'ಹೋಗಬೇಕಾಗಿರುವುದರಿಂದ' ಅಂತ ಒಂದೇ ಪದ ಬರೆಯುವ ಭಾಷೆ ನಮ್ಮದು. ಅಂಥ ಪದ ಸಾಲಿನ ಕೊನೆಯಲ್ಲಿ ಹಿಡಿಸದೆ ಕೆಳಗೆ ಹೋದರೆ, ಉಳಿದ ಎರಡು ಮೂರು ಪದಗಳನ್ನು ಎಳೆದು ಎರಡೂ ಅಂಚು ಸಮ ಮಾಡುತ್ತಾರೆ. ಕಾಲಂ ಅಗಲ ಮಾಡಿ, ಇಲ್ಲವೇ ಬಲ ಅಂಚನ್ನು ಸಮ ಮಾಡದೆ ಬಿಡಿ. ನಾನು ಎರಡನೆಯದಕ್ಕೇ ಓಟು ಹಾಕುತ್ತೇನೆ.

ಗ್ರಿಡ್ ಮುರಿಯುವುದು ಯಾವಾಗ?
– ಜಾಹೀರಾತು ಸಂಸ್ಥೆಯ ಉದ್ಯೋಗಿ, ಬೆಂಗಳೂರು

ಓದುವವರಿಗೆ ಅದು ಅಡ್ಡ ಬಂದಾಗ. ವಿನ್ಯಾಸಕ ಮಾಸಿಮೊ ವಿನ್ಯೆಲ್ಲಿ 1972ರಲ್ಲಿ ನ್ಯೂಯಾರ್ಕ್ ಸುರಂಗ ರೈಲಿನ ನಕ್ಷೆ ಮಾಡಿದರು. ಗೆರೆಗಳೆಲ್ಲ ನೆಟ್ಟಗೆ, ಇಲ್ಲವೇ 45 ಡಿಗ್ರಿಗೆ. ನನಗೆ ತುಂಬ ಇಷ್ಟದ ಕೆಲಸ ಅದು. ಆದರೆ ನಿಜದಲ್ಲಿ ಉದ್ದಕ್ಕಿರುವ ಸೆಂಟ್ರಲ್ ಪಾರ್ಕ್ ಅದರಲ್ಲಿ ಹೆಚ್ಚುಕಡಿಮೆ ಚೌಕವಾಗಿತ್ತು. ರೈಲಿಳಿದು ಮೇಲೆ ಬಂದು ನಡೆಯುವವರಿಗೆ ದಿಕ್ಕು ತಪ್ಪುತ್ತಿತ್ತು. ಜನ ದೂರಿದರು, 1979ರಲ್ಲಿ ಬೇರೆ ನಕ್ಷೆ ಬಂತು. ಜನರ ದೂರು ನ್ಯಾಯವಾದದ್ದೇ. ಅದೇ ವಿನ್ಯೆಲ್ಲಿ 1977ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಕೈಪತ್ರಗಳಿಗೆ ಮಾಡಿಕೊಟ್ಟ ಗ್ರಿಡ್ ಇವತ್ತಿಗೂ ಬಳಕೆಯಲ್ಲಿದೆ. ತಲೆಯ ಮೇಲೆ ಕಪ್ಪು ಪಟ್ಟಿ, ಅದರಲ್ಲಿ ಉದ್ಯಾನದ ಹೆಸರು, ಕೆಳಗೆ ನಕ್ಷೆ, ಚಿತ್ರ, ವಿವರ. ನಡೆದಾಡುವವರಿಗೆ ಬೇಕಾದದ್ದು ಅಲ್ಲಿ ಕೈಗೆ ಸಿಗುತ್ತದೆ.

ನಿಮ್ಮ ಬದುಕಿನಲ್ಲೂ ಗ್ರಿಡ್ ಇದೆಯಾ? ನನ್ನ ದಿನಗಳೆಲ್ಲ ಚೆಲ್ಲಾಪಿಲ್ಲಿ.
– ಗೃಹಿಣಿ, ಶಿವಮೊಗ್ಗ

ಇದಕ್ಕೆ ಅಪ್ಪನ ತೋಟದಿಂದಲೇ ಶುರು ಮಾಡಬೇಕು. ನಮ್ಮದು ಶಿರಸಿ ಕಡೆ ಅಡಿಕೆ ತೋಟ. ಒಂಬತ್ತು ಅಡಿಗೊಂದು ಮರ, ಎರಡೂ ಕಡೆಗೆ. ಹಗ್ಗ ಹಿಡಿದು ಗೂಟ ಹೊಡೆದು ನೆಟ್ಟಿದ್ದು. ಆ ಅಂತರ ಇದ್ದದ್ದಕ್ಕೇ ನಡುವೆ ಬಾಳೆ, ಏಲಕ್ಕಿ, ಮರಕ್ಕೆ ಮೆಣಸಿನ ಬಳ್ಳಿ. ಎಂಟು ವರ್ಷದ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಮಾತು ಹೋಯಿತು. ಮೊದಲು ವಾಪಸ್ ಬಂದದ್ದು ಅಂಕಿಗಳು. ಒಂದು ಬೆಳಿಗ್ಗೆ ಹಾಸಿಗೆಯಲ್ಲೇ 'ಆರು... ಮೂರು' ಅಂದರು. ನನ್ನ ತಮ್ಮ ಆರನೇ ಸಾಲಿನ ಮೂರನೇ ಮರದ ಹತ್ತಿರ ಹೋಗಿ ನೋಡಿದ. ಮೆಣಸಿನ ಬಳ್ಳಿಯ ಕಟ್ಟು ಬಿಚ್ಚಿ ಕೆಳಗೆ ಜಾರಿತ್ತು. ಹಾಸಿಗೆ ಹಿಡಿಯುವ ಹಿಂದಿನ ದಿನ ಅಪ್ಪ ಅದನ್ನು ನೋಡಿ, ನಾಳೆ ಕಟ್ಟೋಣ ಅಂದುಕೊಂಡಿದ್ದಿರಬೇಕು.

ಆ ವರ್ಷ ನಾನು ಊರಿನಲ್ಲೇ ಇದ್ದು ಕೆಲಸ ಮಾಡಿದೆ. ದಿನವೆಲ್ಲ ಗಂಟೆಗಂಟೆಗೆ ಹಂಚುವ ಪಟ್ಟಿ ಬರೆದೆ, ಮೂರೇ ದಿನಕ್ಕೆ ಅದು ಮುರಿದು ಬಿತ್ತು. ಕೊನೆಗೆ ಎರಡೇ ಗೂಟ ಉಳಿಸಿಕೊಂಡೆ. ಬೆಳಿಗ್ಗೆ ಐದರಿಂದ ಎಂಟು ನನ್ನ ಕೆಲಸ. ಸಂಜೆ ಏಳಕ್ಕೆ ಅಪ್ಪನ ಪಕ್ಕ ಊಟ. ನಡುವೆ ಆಸ್ಪತ್ರೆ, ಕೊಯ್ಲು, ನೆಂಟರು, ಏನು ಬಂದರೂ ಬರಲಿ ಅಂತ ಬಿಟ್ಟೆ. ನೀವೂ ಮೊದಲು ಎರಡು ಗೂಟ ಹೊಡೆದು ನೋಡಿ. ಒಂದಾದರೂ ಪೂರ್ತಿ ನಿಮ್ಮದೇ ಆಗಿರಲಿ. ಅದನ್ನು ಮನೆಯವರಿಗೆಲ್ಲ ಬಾಯಿಬಿಟ್ಟು ಹೇಳಿ.

ಮನೆಯಲ್ಲೇ ಅಭ್ಯಾಸ ಮಾಡಲು ಏನಾದರೂ ಹೇಳಿ.
– ಪಿಯುಸಿ ವಿದ್ಯಾರ್ಥಿ, ಕೊಪ್ಪಳ

ನಿಮಗೆ ಇಷ್ಟವಾದ ಯಾವುದಾದರೂ ಕನ್ನಡ ಪುಸ್ತಕ ತೆಗೆದುಕೊಳ್ಳಿ. ಪುಟದ ಮೇಲೆ ಬೆಣ್ಣೆ ಕಾಗದ ಇಟ್ಟು ಪೆನ್ಸಿಲ್‌ನಲ್ಲಿ ನಾಲ್ಕೂ ಮಾರ್ಜಿನ್ ಎಳೆಯಿರಿ. ಆಮೇಲೆ ಪ್ರತಿ ಸಾಲಿನ ಪಾದಕ್ಕೊಂದು ಗೆರೆ. ಅದೇ ಕಾಗದವನ್ನು ಹತ್ತು ಪುಟ ಬಿಟ್ಟು ಇನ್ನೊಂದು ಪುಟದ ಮೇಲೆ ಇಡಿ. ಗೆರೆಗಳು ಕೂಡಿದರೆ ಪುಟ ಕಟ್ಟಿದವರು ಲೆಕ್ಕ ಇಟ್ಟಿದ್ದಾರೆ. ಕೂಡದಿದ್ದರೆ ಎಲ್ಲಿಂದ ಜಾರಿತು ಅಂತ ಹುಡುಕಿ. ಸಾಮಾನ್ಯವಾಗಿ ಒಂದು ಉಪಶೀರ್ಷಿಕೆಯ ಹತ್ತಿರ ಸಿಗುತ್ತದೆ.