ಓಟು ಹೆಚ್ಚ ಬಿದ್ರೂ ಸೋಲೂದು ಹ್ಯಾಂಗ್ರಿ?

ಪ್ರಶ್ನೆ: ಸರ, ಸೂಪರ್ ಮಾರ್ಕೆಟ್ ಹತ್ರ ಚಹಾ ಕುಡ್ಯಾಕತ್ತಾಗ ನಮ್ಮ ಗೆಳೆಯರೊಳಗ ವಾದ ಬಿತ್ತು. ಅಮೆರಿಕಾದಾಗ 2016ಕ್ಕ ಹಿಲರಿ ಕ್ಲಿಂಟನ್‌ಗೆ 28 ಲಕ್ಷಕ್ಕಿಂತ ಹೆಚ್ಚ ಓಟು ಜಾಸ್ತಿ ಬಿದ್ರೂ ಟ್ರಂಪ್ ಗೆದ್ರಂತ. ಇದು ನ್ಯಾಯಾ ಏನ್ರಿ? ನಮ್ಮ ರಾಷ್ಟ್ರಪತಿಗೂ ನಾವು ಓಟ್ ಹಾಕಂಗಿಲ್ಲಲ್ಲ?
– ಓದುಗ, ಕಲಬುರಗಿ

ಉತ್ತರ: ನೋಡ್ರಿ, ನಮ್ಮ ಅಡತ್ಯಾಗ ತೊಗರಿ ತೂಕ ಮಾಡ್ದೆ ಬರೇ ಚೀಲ ಎಣಿಸಿದ್ರ ಹ್ಯಾಂಗಿರ್ತದ, ಅಲ್ಲಿ ಲೆಕ್ಕಾ ಹಂಗೇ ಅದ. ಒಂದು ರಾಜ್ಯದಾಗ ಒಂದೇ ಓಟಿಲೆ ಗೆದ್ರೂ ಅಲ್ಲಿನ ಎಲೆಕ್ಟರ್‌ಗಳೆಲ್ಲಾ (ಅಂದ್ರ ರಾಜ್ಯದ ಪರವಾಗಿ ಅಧ್ಯಕ್ಷರ್ನ ಆರಿಸೋ ಪ್ರತಿನಿಧಿಗಳು) ನಿಮಗೇ, ಲಕ್ಷಗಟ್ಟಲೆ ಓಟಿಲೆ ಗೆದ್ರೂ ಅಷ್ಟೇ (ಮೇನ್, ನೆಬ್ರಾಸ್ಕಾ ಎರಡು ಬ್ಯಾರೆ). ಒಟ್ಟು 538, ಗೆಲ್ಲಾಕ 270 ಬೇಕು. ಕ್ಲಿಂಟನ್‌ಗೆ ಕ್ಯಾಲಿಫೋರ್ನಿಯಾದಾಗ ಓಟು ರಾಶಿ ಬಿದ್ವು, ಆದ್ರ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ 80 ಸಾವಿರದೊಳಗಿನ ಅಂತರದಾಗ ಕೈತಪ್ಪಿದ್ವು, ಅಲ್ಲಿಗೆ ಆಟ ಮುಗೀತು. 2000ದಾಗ ಅಲ್ ಗೋರ್‌ಗೂ ಇದೇ ಗತಿ.

ಬರೇ ಒಟ್ಟು ಓಟು ಎಣಿಸಿದ್ರ ಸಣ್ಣ ರಾಜ್ಯದ ಮಾತು ಯಾರೂ ಕೇಳಂಗಿಲ್ಲ ಅನ್ನೋ ಅಂಜಿಕಿ ಸುಳ್ಳಲ್ಲ, ಖರೆ. ಆದ್ರೂ ಅಧಿಕಾರ ಪೂರಾ ಒಬ್ರ ಕೈಗೆ ಕೊಡೂದಿದ್ರ ಫ್ರಾನ್ಸ್‌ದಂಗ ಮಂದಿನೇ ನೇರ ಆರಿಸಬೇಕು ಅಂತೀನಿ ನಾನು.

ನಮ್ಮದು ಬ್ಯಾರೆ ರೀ. ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆ ಮ್ಯಾಲೆ ನಡೀತಾರ, ಹಂಗಾಗಿ ಎಂಪಿ, ಎಂಎಲ್ಎಗಳು ಆರಿಸಿದ್ರ ನನಗೇನೂ ತಕರಾರಿಲ್ಲ. ಎಂಎಲ್ಎ ಓಟಿನ ಬೆಲೆ ರಾಜ್ಯದ ಜನಸಂಖ್ಯೆ ನೋಡಿ ಕಟ್ತಾರ: ನಮ್ಮ ಎಂಎಲ್ಎ ಒಬ್ರ ಓಟಿಗೆ ಬೆಲೆ 131, ಉತ್ತರ ಪ್ರದೇಶದವ್ರಿಗೆ 208, ಸಿಕ್ಕಿಂದವ್ರಿಗೆ ಬರೇ 7. ಅದೂ 1971ರ ಜನಗಣತಿ ಹಿಡಕೊಂಡು! ಆಗ ನಮ್ಮ ಯಾದಗಿರಿ ಇನ್ನೂ ಜಿಲ್ಲಾನೇ ಆಗಿದ್ದಿಲ್ಲ.