ಪಾದ್ರಿಗಳಿಗೂ ಮಾತು ಕಲಿಸಬೇಕಾ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಅರ್ಮೇನಿಯಾದ ಪಾದ್ರಿಗಳಿಗೆ ಪ್ರಸಂಗ, ಅಂದರೆ ಚರ್ಚಿನಲ್ಲಿ ಜನರಿಗೆ ಬೋಧನೆ, ಮಾಡುವುದನ್ನು ಕಲಿಯಲು ನೆರವು ಬೇಕು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಕ್ರಿ.ಶ. 301ರಲ್ಲೇ ಇಡೀ ರಾಜ್ಯ ಕ್ರೈಸ್ತ ಧರ್ಮಕ್ಕೆ ಬಂತು ಅಂತ ಹೇಳಿಕೊಳ್ಳುವ ನಾಡಲ್ವಾ ಅದು? ಮೀನಿಗೆ ಈಜು ಕಲಿಸಿದ ಹಾಗಾಯ್ತು."

ಮೀನು ಸರಿ ಸ್ವಾಮಿ, ಕೆರೆಯನ್ನೇ ಒಣಗಿಸಿದ್ದರಲ್ಲ! ಅರ್ಮೇನಿಯನ್ ಚರ್ಚಿನ ಮುಖ್ಯ ಕೇಂದ್ರ ಎಚ್ಮಿಯಾಜಿನ್‌ನಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಗೆವೋರ್ಗಿಯನ್ ಸೆಮಿನರಿ 1874ರಲ್ಲಿ ಶುರುವಾಗಿತ್ತು. 1917ರಲ್ಲಿ ಮುಚ್ಚಿತು, ಮತ್ತೆ ಬಾಗಿಲು ತೆರೆದದ್ದು 1945ರಲ್ಲಿ. ಅಷ್ಟರಲ್ಲಿ ಸೋವಿಯತ್ ಆಳ್ವಿಕೆ ಬಂದು ಎಷ್ಟೋ ಚರ್ಚುಗಳು ಗೋದಾಮುಗಳಾಗಿದ್ದವು. ಪೂಜೆಯ ಕ್ರಮ ಪುಸ್ತಕದಲ್ಲಿತ್ತು, ಉಳಿಯಿತು. ಪ್ರಸಂಗ ಹಾಗಲ್ಲ, ಹಿರಿಯರು ಮಾತಾಡುವುದನ್ನು ಕಿರಿಯರು ನಿಂತು ಕೇಳಿಯೇ ಕಲಿಯಬೇಕು. ಆ ಕೊಂಡಿಗೇ ಪೆಟ್ಟು ಬಿತ್ತು.

ಇಲ್ಲದಿದ್ದರೆ ಈ ಚರ್ಚಿಗೆ ಮಾತು ಸಣ್ಣ ವಿಷಯವೇನಲ್ಲ. ಮದುವೆಯಾಗದ, ಚೆನ್ನಾಗಿ ಓದಿಕೊಂಡ ಪಾದ್ರಿಗೆ ವರ್ದಪೇತ್ ಅನ್ನುವ ಪದವಿ ಕೊಟ್ಟಾಗ ಕೈಗೊಂದು ದಂಡವನ್ನೂ ಕೊಡುತ್ತಾರೆ, ಬೋಧಿಸುವ ಅಧಿಕಾರದ ಗುರುತು ಅದು. 1409ರಲ್ಲಿ ತೀರಿಕೊಂಡ, ಈ ಚರ್ಚಿನ ದೊಡ್ಡ ವಿದ್ವಾಂಸ ಗ್ರಿಗೋರ್ ತತೇವತ್ಸಿ ಅವರ ಪ್ರಸಂಗಗಳು ಬೇಸಿಗೆಗೊಂದು, ಚಳಿಗಾಲಕ್ಕೊಂದು ಅಂತ ಎರಡು ಸಂಪುಟಗಳಲ್ಲಿವೆ. ಅಷ್ಟೇ ಯಾಕೆ, ಪ್ರಪಂಚದ ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದರಾರ್' 1794ರಲ್ಲಿ ಹೊರಬಂದದ್ದು ಇಲ್ಲೇ ಮದರಾಸಿನಲ್ಲಿ, ತಂದವರು ಹರುತ್ಯುನ್ ಶ್ಮಾವೊನ್ಯನ್ ಅನ್ನುವ ಪಾದ್ರಿ. (ಸಂಪಾದಕನ ಕುರ್ಚಿಯಲ್ಲಿ ಕೂತು ಇದನ್ನು ಹೇಳದೆ ಇರುವುದು ಕಷ್ಟ.)

ಇವತ್ತಿನ ತೊಡಕು ಜಾಸ್ತಿ ಇರುವುದು ಭಾಷೆಯಲ್ಲಿ. ಪೂಜೆ ನಡೆಯುವುದು ಗ್ರಾಬಾರ್‌ನಲ್ಲಿ, ಅಂದರೆ ಐದನೇ ಶತಮಾನದಲ್ಲಿ ಲಿಪಿ ಕಂಡ ಹಳೆಯ ಅರ್ಮೇನಿಯನ್‌ನಲ್ಲಿ. ನಮಗೆ ಹಳಗನ್ನಡ ಇದ್ದ ಹಾಗೆ ಅಂದುಕೊಳ್ಳಿ. ಅಲ್ಲಿ ನಿಂತ ಅಜ್ಜಿಗೆ ರಾಗ ಬಾಯಿಗೆ ಬರುತ್ತದೆ, ಅರ್ಥ ಪೂರ್ತಿ ಆಗುವುದಿಲ್ಲ. ಅವರ ಆಡುಮಾತಿನಲ್ಲಿ ಏನಾದರೂ ಕಿವಿಗೆ ಬೀಳಬಹುದಾದದ್ದು ಪ್ರಸಂಗದ ಆ ಕೆಲವೇ ನಿಮಿಷ. ಅಲ್ಲೂ ಪಾದ್ರಿ ಅದೇ ಹಳೆಯ ಭಾಷೆಯ ಗತ್ತು ಹಿಡಿದರೆ ಜನ ಸುಮ್ನೆ ಮರಳಿನ ತಟ್ಟೆಯಲ್ಲಿ ಮೇಣದಬತ್ತಿ ಚುಚ್ಚಿ, ಶಿಲುಬೆಯ ಗುರುತು ಹಾಕಿಕೊಂಡು ಹೊರಡುತ್ತಾರೆ. ಅದೂ ದೇವಪೀಠಕ್ಕೆ ಬೆನ್ನು ತೋರಿಸಬಾರದು ಅಂತ ಹಿಂದಹಿಂದಕ್ಕೇ ಹೆಜ್ಜೆ ಇಟ್ಟು. ಹೊರಡುವವರ ಮುಖ ಬಾಗಿಲು ದಾಟುವವರೆಗೂ ಪಾದ್ರಿಗೆ ಕಾಣುತ್ತಲೇ ಇರುತ್ತದೆ, ಪಾಪ!

ಜೊತೆಗೆ ಆ ಕಟ್ಟಡ. ಸುತ್ತ ಕಲ್ಲಿನ ಗೋಡೆ, ಮೇಲೆ ಗುಮ್ಮಟ. ಹಾಡಿದರೆ ಮೈ ಜುಮ್ಮೆನ್ನುತ್ತದೆ, ಬೇಗ ಬೇಗ ಮಾತಾಡಿದರೆ ಒಂದರ ಮೇಲೊಂದು ಮಾತು ಬಿದ್ದು ಎಲ್ಲ ಕಲಸಿಹೋಗುತ್ತದೆ.

ಹಾಗಾಗಿ ನೆರವು ಅಂದರೆ ಕೈ ಬೀಸಿ ವೇದಿಕೆಯ ಮೇಲೆ ಓಡಾಡುವುದನ್ನು ಹೊರಗಿನವರು ಬಂದು ಕಲಿಸುವುದಲ್ಲ, ಅದು ಅಲ್ಲಿ ಒಗ್ಗುವುದೂ ಇಲ್ಲ. ಹಿಂದಿನ ಕಂಬದ ಹತ್ತಿರ ಒಂದು ಮೊಬೈಲ್ ಇಟ್ಟು ರೆಕಾರ್ಡ್ ಮಾಡಿ, ಅವರ ಪ್ರಸಂಗವನ್ನು ಅವರಿಗೇ ಕೇಳಿಸಬೇಕು. ಆಮೇಲೆ ಬಾಗಿಲ ಹತ್ತಿರ ಆ ಅಜ್ಜಿಯನ್ನು ನಿಲ್ಲಿಸಿ, ಇವತ್ತು ಪಾದ್ರಿಗಳು ಏನು ಹೇಳಿದರು ಅಂತ ಕೇಳಬೇಕು. "ಚೆನ್ನಾಗಿ ಹೇಳಿದರಪ್ಪ" ಅಂದಷ್ಟೇ ಅವರು ಮುಂದೆ ಹೋದರೆ, ಮುಂದಿನ ಭಾನುವಾರಕ್ಕೆ ಮತ್ತೆ ಬರೆಯಬೇಕು.

— ಸಂ.